ಗೆಳೆಯನಿಗೊಂದು ಪತ್ರ: ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ

ವಿಜಯಪುರ

ಪ್ರಿಯ ಗೆಳೆಯ ಮಲ್ಲಿಕಾರ್ಜುನನಿಗೆ,

ನಮಸ್ಕಾರ. ಬೆಳಗಾವಿಯಲ್ಲಿ ಮಳೆ ಹಿಡಿದಾಗಿನಿಂದ ನಿಮ್ಮ ಮನೆಯ ಬಿಯರ್ಡೆಡ್ ಡ್ರ್ಯಾಗನ್ ಎಂಬ ಸಾಕು ಹಲ್ಲಿ ಮಂಕಾಗಿದೆ, ಹುಳು ಮುಂದಿಟ್ಟರೂ ತಿರುಗಿ ನೋಡುತ್ತಿಲ್ಲ, ಕಣ್ಣು ಗುಳಿಬಿದ್ದಂತೆ ಕಾಣುತ್ತಿವೆ ಎಂದು ನೀನು ಬರೆದದ್ದನ್ನು ಓದಿದೆ. ಏನು ತಿನ್ನಿಸಲಿ ಎಂಬುದು ನಿನ್ನ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬರೆಯುವ ಮೊದಲು ಬೇರೆ ಎರಡು ವಿಷಯಗಳನ್ನು ಹೇಳಲೇಬೇಕು, ಏಕೆಂದರೆ ಕಾಯಿಲೆ ಬಿದ್ದ ಈ ಪ್ರಾಣಿಗೆ ಮೊದಲು ಬೇಕಾದದ್ದು ಮೈಯ ಬಿಸಿ, ನಂತರ ನೀರು. ಊಟದ ಸರದಿ ಇವೆರಡೂ ಸರಿಯಾದ ಮೇಲೆಯೇ. ಇಂಥದೇ ಪ್ರಾಣಿ ಸಾಕಿದ ಇತರರಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಇದು ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಬಳಗಕ್ಕೇ ಸೇರಿದ್ದು, ಆದರೆ ಇದರ ಮೂಲ ನೆಲೆ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೊರಗಿನ ಬಿಸಿ ಸಿಕ್ಕರೆ ಮಾತ್ರ ಅದರ ಹೊಟ್ಟೆ ಕೆಲಸ ಮಾಡುತ್ತದೆ. ಮೈ ತಣ್ಣಗಿರುವಾಗ ಒತ್ತಾಯದಿಂದ ಒಳಗೆ ಕಳಿಸಿದ ಆಹಾರ ಕರಗದೆ ಕರುಳಿನಲ್ಲಿಯೇ ಕೊಳೆಯತೊಡಗುತ್ತದೆ. ಆದ್ದರಿಂದ ಇವತ್ತೇ ಗೂಡಿನ ಉಷ್ಣಾಂಶವನ್ನು ಅಳೆ. ಬಲ್ಬಿನ ಕೆಳಗೆ ಅದು ಮಲಗುವ ಕಲ್ಲು ಅಥವಾ ಕಟ್ಟಿಗೆಯ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು, ಎದುರಿನ ತುದಿ 25ರಿಂದ 28 ಡಿಗ್ರಿಯಷ್ಟು ತಂಪಾಗಿರಬೇಕು. ಕಾಯಿಲೆಯಾಗಿದೆ ಎಂದು ಇಡೀ ಗೂಡನ್ನೇ ಕಾಯಿಸಿಬಿಟ್ಟರೆ ಸೆಖೆ ತಾಳದೆ ಸರಿದುಹೋಗಲು ಅದಕ್ಕೆ ಜಾಗವೇ ಉಳಿಯುವುದಿಲ್ಲ, ಮೈಯ ನೀರೂ ಬೇಗ ಬತ್ತುತ್ತದೆ. ಗೂಡಿನ ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನು ನಾನು ನಂಬುವುದಿಲ್ಲ. ಅದು ತಾನು ಅಂಟಿಕೊಂಡ ಜಾಗದ ಲೆಕ್ಕ ಹೇಳುತ್ತದೆಯೇ ಹೊರತು ಕಲ್ಲಿನದ್ದನ್ನಲ್ಲ. ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಕೊಂಡುಕೋ.

ಮಳೆಗಾಲದಲ್ಲಿ ನಿಮ್ಮಲ್ಲಿ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ, ಕರೆಂಟಿನದೂ ಭರವಸೆಯಿಲ್ಲ. ಬಿಸಿಗಾಗಿ ಇರುವ ಬಲ್ಬಿನಷ್ಟೇ ಯುವಿಬಿ ಟ್ಯೂಬೂ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಸೂಸುವ ದೀಪವೂ, ಮುಖ್ಯ. ಅದರ ಕಿರಣಗಳಿಂದಲೇ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ, ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಟ್ಯೂಬ್ ಉರಿಯುತ್ತಿದೆ ಎಂದ ಮಾತ್ರಕ್ಕೆ ಅದರಲ್ಲಿ ಯುವಿಬಿ ಉಳಿದಿದೆ ಎಂದುಕೊಳ್ಳಬೇಡ. ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಬೇಕಾಗುತ್ತದೆ. ಕಿಟಕಿಯ ಗಾಜಿನೊಳಗಿಂದ ಬರುವ ಬೆಳಕಿನಲ್ಲಿಯೂ ಆ ಕಿರಣ ಇರುವುದಿಲ್ಲ.

ಇನ್ನು ನೀರು. ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ಅದರ ಹಿಕ್ಕೆಯನ್ನು ನೋಡು. ಹಿಕ್ಕೆಯ ಜೊತೆಗೆ ಬರುವ ಬಿಳಿ ಭಾಗವೇ ಯೂರೇಟ್, ಅಂದರೆ ಅದರ ಮೂತ್ರ. ಅದು ಬೆಳ್ಳಗೆ ಮೆತ್ತಗಿದ್ದರೆ ಸರಿ. ಹಳದಿಯಾಗಿ ಸುಣ್ಣದ ಹರಳಿನಂತೆ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಗುಳಿಬಿದ್ದ ಕಣ್ಣು, ಬಾಯೊಳಗಿನ ಅಂಟು ಜೊಲ್ಲು, ಪಕ್ಕೆಯ ಚರ್ಮವನ್ನು ಮೆಲ್ಲಗೆ ಹಿಡಿದು ಬಿಟ್ಟಾಗ ಮಡಿಕೆ ಹಾಗೆಯೇ ನಿಲ್ಲುವುದು, ಇವೂ ಅದೇ ಮಾತನ್ನು ಹೇಳುತ್ತವೆ. ಕಣ್ಣಿನ ಬಗ್ಗೆ ನೀನೇ ಬರೆದಿರುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಒಣ ನಾಡಿನ ಈ ಪ್ರಾಣಿ ಬಟ್ಟಲಿನಲ್ಲಿ ನಿಂತ ನೀರನ್ನು ಅನೇಕ ಸಲ ಗುರುತಿಸುವುದೇ ಇಲ್ಲ. ಸೂಜಿ ತೆಗೆದ 1 ಮಿಲಿ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿಕೊಂಡು, ಮೂಗಿನ ತುದಿಗೂ ತುಟಿಯ ಅಂಚಿಗೂ ಒಂದೊಂದೇ ಹನಿ ಬಿಡು. ನಾಲಗೆ ಚಾಚಿ ನೆಕ್ಕತೊಡಗಿದರೆ, ಅದು ನುಂಗುವುದನ್ನು ಕಾಯುತ್ತ, ಹನಿ ಮುಂದುವರಿಸು. ನೆಕ್ಕದಿದ್ದರೆ ನಿಲ್ಲಿಸಿ ಒಂದು ತಾಸು ಬಿಟ್ಟು ಮತ್ತೆ ನೋಡು. ಬಾಯಿ ತೆರೆದು ಪಿಚಕಾರಿಯ ಹಾಗೆ ಒಳಕ್ಕೆ ನೀರು ಹೊಡೆಯುವ ಕೆಲಸವನ್ನು ಮಾತ್ರ ಯಾರೂ ಮಾಡಬಾರದು. ಅದರ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುತ್ತದೆ; ನೀರು ಅದರೊಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಅಂಗಾತ ಮಲಗಿಸಿಯೂ ಕುಡಿಸಬಾರದು. ಹೊಟ್ಟೆ ಕೆಳಗಾಗಿ ಕೂರಿಸಿ, ತಲೆ ಸ್ವಲ್ಪ ಮೇಲಿರುವಂತೆ ಹಿಡಿದುಕೊಳ್ಳಬೇಕು. ಪ್ರಮಾಣ ಕೇಳಿದರೆ, ಸರೀಸೃಪಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿ. ಅಂದರೆ 400 ಗ್ರಾಂ ತೂಗುವ ಪ್ರಾಣಿಗೆ ಇಡೀ ದಿನಕ್ಕೆ 4ರಿಂದ 12 ಮಿಲಿ, ಅದೂ ಹಲವು ಕಂತುಗಳಲ್ಲಿ.

ಬೆಚ್ಚಗಿನ ನೀರಿನಲ್ಲಿ ಕೂರಿಸುವುದೂ ಒಳ್ಳೆಯದು. ನೀರು 32 ಡಿಗ್ರಿಯ ಆಸುಪಾಸಿನಲ್ಲಿರಲಿ, ಆಳ ಅದರ ಮುಂಗಾಲಿನ ಮೊಣಕೈಯನ್ನು ಮೀರದಿರಲಿ, ಹತ್ತು ಹದಿನೈದು ನಿಮಿಷ ಸಾಕು. ಚರ್ಮದಿಂದಲೇ ನೀರು ಹೀರಿಕೊಳ್ಳುತ್ತದೆ ಎಂದು ಸಾಕುವವರು ಹೇಳುವುದುಂಟು, ಆ ಮಾತಿಗೆ ಗಟ್ಟಿ ಆಧಾರವಿಲ್ಲ. ನೀರಿನಲ್ಲಿ ಕೂತಾಗ ಕೆಲವು ಬಾಯಿಯಿಂದ ಕುಡಿಯುತ್ತವೆ, ಹಲವು ಹಿಕ್ಕೆ ಹಾಕುತ್ತವೆ, ಲಾಭವೆಂದರೆ ಅದೇ. ನಿತ್ರಾಣವಾದ ಪ್ರಾಣಿ ತಲೆ ಎತ್ತಲಾರದೆ ಅಷ್ಟೇ ನೀರಿನಲ್ಲಿಯೂ ಮುಳುಗಬಹುದು, ಆದ್ದರಿಂದ ಫೋನು ಬಂತೆಂದು ಎದ್ದು ಹೋಗಬೇಡ. ತೆಗೆದ ಮೇಲೆ ಪೂರ್ತಿ ಒರೆಸಿ ಬಲ್ಬಿನ ಕೆಳಗೆ ಬಿಡು.

ಅವ್ವನವರು ಚಮಚದಲ್ಲಿ ಹಾಲು ಕುಡಿಸಲು ನೋಡುತ್ತಿದ್ದಾರೆಂದು ಬರೆದಿದ್ದೀಯಲ್ಲ, ಅವರ ಕಕ್ಕುಲಾತಿ ನನಗೆ ಗೊತ್ತು. ಆದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಈ ಜಾತಿಗಿಲ್ಲ ಎಂದು ಅವರಿಗೆ ನಿಧಾನವಾಗಿ ತಿಳಿಸಿ ಹೇಳು. ಸಕ್ಕರೆ ನೀರು ಬೇಡ. ಎಳನೀರು ಮತ್ತು ಮನುಷ್ಯರ ಓಆರ್‌ಎಸ್ ಕೂಡ ವೈದ್ಯರನ್ನು ಕೇಳದೆ ಬೇಡ.

ಮೈ ಬೆಚ್ಚಗಾಗಿ, ಯೂರೇಟ್ ಮತ್ತೆ ಬೆಳ್ಳಗೆ ಮೆತ್ತಗಾದ ಮೇಲೆ ಊಟದ ಮಾತು. ಬೆಳೆದ, ಮೈಯಲ್ಲಿ ಕಸುವಿರುವ ಪ್ರಾಣಿ ಕೆಲವು ದಿನ ಉಪವಾಸವನ್ನು ತಾಳುತ್ತದೆ, ಮರಿ ತಾಳುವುದಿಲ್ಲ. ನಿನ್ನದು ಬೆಳೆದದ್ದಾದ್ದರಿಂದ ಗಾಬರಿಯಿಂದ ಬಾಯಿಗೆ ತುರುಕುವ ಅಗತ್ಯವಿಲ್ಲ. ಬಹಳ ದಿನ ಹಸಿದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ರಕ್ತದಲ್ಲಿನ ರಂಜಕ ಮತ್ತು ಪೊಟ್ಯಾಸಿಯಂ ಏಕಾಏಕಿ ಕುಸಿದು ಪ್ರಾಣಕ್ಕೇ ಕುತ್ತು ಬರುವುದುಂಟು. ಬೇಯಿಸಿ ನುಣ್ಣಗೆ ಅರೆದ ಸಿಹಿಗುಂಬಳವನ್ನು ನೀರಿನಲ್ಲಿ ತೆಳುವಾಗಿ ಕದಡಿ, ನೀರಿನ ಹಾಗೆಯೇ ತುಟಿಗೆ ಹನಿಸು. ಮೂಳೆ ಮೆತ್ತಗಾಗುವ ಕಾಯಿಲೆಯಿದ್ದರೆ ದವಡೆ ಬೆರಳಿನ ಒತ್ತಡಕ್ಕೇ ಮುರಿಯಬಹುದು. ಆದ್ದರಿಂದ ಬಾಯಿಯನ್ನು ಬಲವಂತವಾಗಿ ಅಗಲಿಸುವುದು, ನಳಿಕೆಯಲ್ಲಿ ಹೊಟ್ಟೆಗೆ ಇಳಿಸುವುದು ವೈದ್ಯರ ಕೈಗೆ ಬಿಟ್ಟ ಕೆಲಸ.

ತಾನಾಗಿ ಬಾಯಿ ಹಾಕತೊಡಗಿದ ಮೇಲೆ ನುಗ್ಗೆ ತಪ್ಪಲು, ಸಾಸಿವೆ ಸೊಪ್ಪು, ದಾಸವಾಳದ ಹೂವು ಇವನ್ನು ಸಣ್ಣಗೆ ಹೆಚ್ಚಿ, ತೊಳೆದ ನೀರು ಹಾಗೆಯೇ ಇರುವಂತೆ ಕೊಡು. ತಪ್ಪಲಿನ ಜೊತೆಗೆ ಆ ನೀರೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಸದಾ ಸಿಗುವ ಪುಂಡಿಪಲ್ಯ, ರಾಜಗಿರಿ, ಪಾಲಕ ಇವುಗಳಲ್ಲಿ ಆಕ್ಸಲಿಕ್ ಆಮ್ಲ ಹೆಚ್ಚು, ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಅವು ನಮ್ಮ ರೊಟ್ಟಿಗೇ ಇರಲಿ. ಹುಳುವಿನ ಗಾತ್ರ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ತಿನ್ನದೆ ಉಳಿದ ಜೀವಂತ ಹುಳುಗಳನ್ನು ಗೂಡಿನಲ್ಲಿ ಬಿಡಬೇಡ, ನಿತ್ರಾಣವಾದ ಪ್ರಾಣಿಯನ್ನೇ ಅವು ಕಚ್ಚುತ್ತವೆ. ದುಡ್ಡು ಉಳಿಸಲು ಹೊಲದ ಮಿಡತೆ ಹಿಡಿದು ತರುವವರಿದ್ದಾರೆ. ನಮ್ಮ ಕಡೆಯ ದ್ರಾಕ್ಷಿ ತೋಟಗಳಿಗೆ ಎಷ್ಟು ಔಷಧಿ ಹೊಡೆಯುತ್ತಾರೆಂದು ಕಣ್ಣಾರೆ ಕಾಣುವ ನಾನು ಅದಕ್ಕೆ ಒಪ್ಪುವುದಿಲ್ಲ. ಖಾನಾಪುರದ ಕಾಡಿನ ಕಡೆಯಿಂದ ಮಕ್ಕಳು ಮಿಂಚುಹುಳು ತಂದರಂತೂ ಗೂಡಿನ ಹತ್ತಿರವೂ ಬಿಡಬೇಡ. ಅದರ ಮೈಯಲ್ಲಿ ಹೃದಯವನ್ನು ನಿಲ್ಲಿಸುವ ವಿಷವಿದೆ, ಒಂದೇ ಹುಳು ತಿಂದು ಸತ್ತ ಬಿಯರ್ಡೆಡ್ ಡ್ರ್ಯಾಗನ್‌ಗಳಿವೆ.

ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಗ್ರಾಂ ಲೆಕ್ಕ ಬರೆದಿಡು. ಚಳಿಗಾಲದ ಮಂಪರಿನಲ್ಲಿಯೂ ಇವು ಊಟ ಬಿಡುತ್ತವೆ, ಆದರೆ ಆಗ ತೂಕ ಹೆಚ್ಚೇನೂ ಇಳಿಯುವುದಿಲ್ಲ. ನೂರಕ್ಕೆ ಹತ್ತರಷ್ಟು ಇಳಿಯಿತೆಂದರೆ ಅದು ಕಾಯಿಲೆಯೇ. ನಾನು ಬರೆದದ್ದೆಲ್ಲ ಪ್ರಾಣಿಯನ್ನು ವೈದ್ಯರ ತನಕ ಉಳಿಸಿಕೊಳ್ಳುವ ಉಪಾಯ. ಕರುಳಿನ ಪರೋಪಜೀವಿಯೋ, ಮೂತ್ರಪಿಂಡದ ತೊಂದರೆಯೋ, ಹೆಣ್ಣಾಗಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆಯೋ ಎಂಬುದನ್ನು ಹನಿ ನೀರು ಪತ್ತೆ ಮಾಡುವುದಿಲ್ಲ. ಬಿಸಿಯಿಂದ ದೂರವಿದ್ದೂ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ, ಗಡ್ಡ, ಅಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮ, ಕಪ್ಪಾದದ್ದು ಹಾಗೆಯೇ ಉಳಿದಿದ್ದರೆ ಮರುದಿನದ ತನಕ ಕಾಯಬೇಡ. ಎಮ್ಮೆ, ಆಡು ನೋಡುವ ನಮ್ಮ ಕಡೆಯ ಪಶುವೈದ್ಯರಲ್ಲಿ ಸರೀಸೃಪ ನೋಡಿದವರು ವಿರಳ, ಹಾಗಾಗಿ ಹೊರಡುವ ಮೊದಲೇ ಫೋನು ಮಾಡಿ ಕೇಳು. ಬೇಕಾದರೆ ಪುಣೆ ಅಥವಾ ಬೆಂಗಳೂರಿನ ವೈದ್ಯರ ಸಲಹೆಯನ್ನು ಫೋನಿನಲ್ಲಿಯೇ ಪಡೆದು ಅಲ್ಲಿಯ ವೈದ್ಯರಿಗೆ ತಲುಪಿಸಬಹುದು. ಹೋಗುವಾಗ ತೂಕ ಬರೆದ ಚೀಟಿ, ಗೂಡಿನ ಫೋಟೋ ಮತ್ತು ಮುಚ್ಚಳವಿರುವ ಡಬ್ಬಿಯಲ್ಲಿ ಆ ದಿನದ್ದೇ ಹಿಕ್ಕೆ ಜೊತೆಗಿರಲಿ. ಪ್ರಾಣಿಯನ್ನು ಒಯ್ಯುವ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡು, ದಾರಿಯ ಥಂಡಿಯಲ್ಲಿ ಅದರ ಮೈ ಮತ್ತೆ ಆರಬಾರದು. ಇವತ್ತು ಕಲ್ಲಿನ ಮೇಲೆ ಎಷ್ಟು ಡಿಗ್ರಿ ಬಂತು, ಯೂರೇಟ್ ಯಾವ ಬಣ್ಣದಲ್ಲಿತ್ತು ಎಂಬೆರಡನ್ನು ರಾತ್ರಿಯೊಳಗೆ ನನಗೆ ತಿಳಿಸು.

ಇಂತಿ ನಿನ್ನ ಗೆಳೆಯ,
ಸಂಗಮೇಶ