ಜೈಲಿಗೂ ಓನರ್ ಇರ್ತಾರಾ?

ಈ ಸಂಚಿಕೆ ನಿನ್ನೆಯೇ ನಿಮ್ಮ ಕೈಗೆ ಬರಬೇಕಿತ್ತು. ಗಂಟೆ ಹನ್ನೊಂದೂವರೆ, ಪಕ್ಕದಲ್ಲಿ ಆರಿಹೋದ ಕಾಫಿ. ದಸರಾ ಬಗ್ಗೆ ಬರೆಯೋಣ ಅಂತಲೇ ಕೂತೆ. ಜಂಬೂಸವಾರಿ, ಬನ್ನಿಮಂಟಪದ ಪಂಜು ಎಲ್ಲ ನಿಮಗೆ ಗೊತ್ತಿರುವುದೇ, ಅಲ್ವಾ? ಈ ಸಲ ಬಿಟ್ಟುಬಿಡೋಣ.

ಶನಿವಾರ ಇಲ್ಲೇ ಅರಿಜೋನಾದ ಟೂಸಾನ್‌ನಿಂದ ಗೊಂಬೆ ಮೆಟ್ಟಿಲು ತರುವಾಗ ಈಲಾಯ್ ಹತ್ತಿರ ಪೆಟ್ರೋಲ್ ಹಾಕಿಸಲು ಹೆದ್ದಾರಿ ಇಳಿದು ದಾರಿ ತಪ್ಪಿದೆವು. ಹತ್ತಿಹೊಲ ಮುಗಿದ ಕೂಡಲೇ ಮುಳ್ಳುತಂತಿಯ ಸುರುಳಿ, ಒಳಗೆ ಜೈಲು, ಬೋರ್ಡಿನ ಮೇಲೆ ಕಂಪನಿ ಹೆಸರು. ಒಂಬತ್ತು ವರ್ಷದ ಮಗ ಕೇಳಿದ, "ಅಮ್ಮಾ, ಜೈಲಿಗೂ ಓನರ್ ಇರ್ತಾರಾ?"

ಇರುತ್ತಾರೆ. ಈಲಾಯ್‌ನ ಸಗ್ವಾರೊ ಜೈಲು ಕೋರ್‌ಸಿವಿಕ್ ಅನ್ನೋ ಖಾಸಗಿ ಕಂಪನಿಯದು. 2007ರಿಂದ ಹವಾಯಿ ದ್ವೀಪಗಳ ಕೈದಿಗಳನ್ನು ಅಲ್ಲಿಗೆ ತಂದು ಇಡುತ್ತಿದ್ದಾರೆ. ತಲೆಗೆ ದಿನಕ್ಕಿಷ್ಟು ಅಂತ ಕಂಪನಿಗೆ ಸರ್ಕಾರದ ದುಡ್ಡು. ಮಗ ಬೇಸಿಗೆಯಲ್ಲಿ ಮಂಡ್ಯದ ಆಲೆಮನೆ ನೋಡಿದ್ದ. ಗಾಣಕ್ಕೆ ಕಬ್ಬು ಬರುತ್ತಲೇ ಇರಬೇಕು, ಇಲ್ಲದಿದ್ದರೆ ಮಾಲೀಕನಿಗೆ ನಷ್ಟ, ಇದೂ ಹಾಗೇ ಎಂದೆ. ಸುಮ್ನೆ ಹೇಳಿದ್ದಲ್ಲ. ಅರಿಜೋನಾದ ಕೆಲವು ಗುತ್ತಿಗೆಗಳಲ್ಲಿ ನೂರಕ್ಕೆ ನೂರು ಹಾಸಿಗೆಗೂ ದುಡ್ಡು ಕೊಡುತ್ತೇವೆ ಅಂತ ಸರ್ಕಾರದವರು ಗ್ಯಾರಂಟಿ ಕೊಟ್ಟಿದ್ದರು. ಹಾಸಿಗೆ ಖಾಲಿ ಬಿದ್ದರೂ ದುಡ್ಡು ನಮ್ಮ ತೆರಿಗೆಯದೇ. ಇನ್ನು ಉಳಿಸುವುದೆಲ್ಲಿ? ಕಾವಲುಗಾರರ ಸಂಬಳದಲ್ಲಿ, ಡಾಕ್ಟರಲ್ಲಿ, ಊಟದಲ್ಲಿ. ಫೆಡರಲ್ ನ್ಯಾಯ ಇಲಾಖೆಯವರೇ 2016ರಲ್ಲಿ ಲೆಕ್ಕ ಹಾಕಿ ನೋಡಿದರು. ಹೊಡೆದಾಟ, ಕಳ್ಳತನದಲ್ಲಿ ಒಳಗೆ ಹೋದ ಮೊಬೈಲು, ಎರಡೂ ಗುತ್ತಿಗೆ ಜೈಲುಗಳಲ್ಲೇ ಜಾಸ್ತಿ.

ನನಗೆ ಜೈಲು ಅಂದರೆ ಅಜ್ಜಿಯ ಬುತ್ತಿ. ಕಾವೇರಿ ಗಲಾಟೆಯಲ್ಲಿ ರಸ್ತೆ ತಡೆದರೆಂದು ಚಿಕ್ಕಪ್ಪನನ್ನು ಹಿಡಿದು ಮೈಸೂರು ಜೈಲಿಗೆ ಹಾಕಿದ್ದರು. ಅಜ್ಜಿ ಕೋಳಿ ಕೂಗುವ ಮುಂಚೆ ಎದ್ದು ಮುದ್ದೆ ಕಟ್ಟಿ, ಉಪ್ಸಾರಿನ ಖಾರವನ್ನು ಬಾಳೆಲೆಯಲ್ಲಿ ಸುತ್ತಿ, ನನ್ನ ಕೈ ಹಿಡಿದು ಕೆಂಪು ಬಸ್ ಹತ್ತಿದಳು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೊಳೆಗೆ ನಾಲ್ಕಾಣೆ ಎಸೆದು ಕೈ ಮುಗಿದಳು. ಗೇಟಿನಲ್ಲಿ ವಾರ್ಡರ್ ಮುದ್ದೆಯನ್ನು ಎರಡು ಮಾಡಿ ನೋಡಿದ.

"ಒಳಗೇನೂ ಇಲ್ಲ ಕಣಪ್ಪ, ರಾಗಿನೇ."

ಆತ ನಕ್ಕ. "ಗೊತ್ತು ಕಣವ್ವ, ನಮ್ಮದೂ ನಾಗಮಂಗಲ."

ಜಾಲರಿಯ ಆಚೆಯಿಂದ ಚಿಕ್ಕಪ್ಪ ಕೇಳಿದ ಮೊದಲ ಮಾತು, "ಗದ್ದೆಗೆ ನೀರು ಬಂತಾ?"

ಸರ್ಕಾರಿ ಜೈಲೇ ಸ್ವರ್ಗ ಅಂತಲ್ಲ. ಭಾರತದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪೇ ಆಗದವರು. ಆದರೆ ಅವರು ಅಲ್ಲಿ ಕೊಳೆಯುವುದರಿಂದ ಯಾರ ಷೇರೂ ಏರುವುದಿಲ್ಲ. ಹವಾಯಿಯ ತಾಯಿ ಬುತ್ತಿ ಕಟ್ಟಿಕೊಂಡು ಯಾವ ಬಸ್ ಹತ್ತಬೇಕು? ನಾವಾದರೂ ನಾವೇ ಟಿಕೆಟ್ ತೆಗೆದುಕೊಂಡು ಬಂದವರು.

ಅಯ್ಯೋ, ಜಾಗ ಮುಗೀತು. ಗೊಂಬೆ ಪ್ರದರ್ಶನ ಭಾನುವಾರ ಸಂಜೆ 4ಕ್ಕೆ. ಮಕ್ಕಳ ಹಾಡಿಗೆ ಹೆಸರು ಕೊಡಲು ಬುಧವಾರ ಕೊನೆ. ಯುಗಾದಿಯಂದು ಬಿಸಿಬೇಳೆಬಾತ್ ಪಾತ್ರೆ ಒಯ್ದವರು ದಯವಿಟ್ಟು ವಾಪಸ್ ತನ್ನಿ (ಯಾರು ಅಂತ ಗೊತ್ತು, ಹೇಳುವುದಿಲ್ಲ). ಚಂದಾ ಬಾಕಿ ಇರುವವರೂ ಅಷ್ಟೇ. ಮೂರು ವರ್ಷದಿಂದ ಈ ಪತ್ರಿಕೆ ಒಬ್ಬಳೇ ಮಾಡುತ್ತಿದ್ದೇನೆ, ಯಾರಾದರೂ ಕೈ ಜೋಡಿಸಿ. ಕನ್ನಡ ಟೈಪಿಂಗ್ ಬರದಿದ್ದರೆ ಕಲಿಸುತ್ತೇನೆ. ಮೆಟ್ಟಿಲು ಇನ್ನೂ ಕಾರಿನಲ್ಲೇ ಇವೆ. ಇಳಿಸಲು ಇಬ್ಬರು ಬೇಕು, ನಾಳೆ ಬೆಳಿಗ್ಗೆಯಾದರೆ ಒಳ್ಳೆಯದು.