ಸಚಿವರೇ, ನಮ್ಮ ಮಾತ್ರೆ ತಾಲ್ಲೂಕು ಆಸ್ಪತ್ರೆಗೆ ಯಾವಾಗ ಬರುತ್ತದೆ?

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಆತಂಕದ ಕಾಯಿಲೆಗೆ ಕೆಲವು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದೇನೆ. ನಾನು ಕೇಳುವುದು ಒಂದೇ. ಡಾಕ್ಟರು ಬರೆದುಕೊಡುವ ಎಸಿಟಾಲೋಪ್ರಾಮ್ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತಪ್ಪದೆ ಸಿಗಬೇಕು.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಔಷಧಿ ಪಟ್ಟಿಯ ಮಾತ್ರೆಗಳು ಯಾವಾಗಲೂ ಉಚಿತವಾಗಿ ಸಿಗಬೇಕು. 2022ರ ರಾಷ್ಟ್ರೀಯ ಪಟ್ಟಿಯಲ್ಲಿ ಎಸಿಟಾಲೋಪ್ರಾಮ್ ಇದೆ. ಪಟ್ಟಿಯಲ್ಲಿದೆ, ಕೌಂಟರಿನಲ್ಲಿಲ್ಲ.

ಈ ಕಾಯಿಲೆ ಹೇಗಿರುತ್ತದೆ ಗೊತ್ತಾ ಸಾರ್? ಸುಮ್ನೆ ಕೂತಿರುವಾಗ ಎದೆ ಡವಡವ ಎನ್ನುತ್ತದೆ. ಕೈ ತಣ್ಣಗಾಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಈಗಲೇ ಸತ್ತೆ ಅನ್ನಿಸುತ್ತದೆ. ಹಾರ್ಟಿನದ್ದೇ ತೊಂದರೆ ಅಂದುಕೊಂಡು ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಮಾಡಿಸಿದೆ. ಎಲ್ಲಾ ನಾರ್ಮಲ್. ಒಬ್ಬರು ಗ್ಯಾಸ್ ಅಂದರು. ಅತ್ತೆ ತಾಯಿತ ಕಟ್ಟಿಸಿದರು. ಸಾಲವಂತೂ ನಾರ್ಮಲ್ ಆಗಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ನಿಮ್ಮ ಇಲಾಖೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಸುವ ಮಾನಸಿಕ ಕಾಯಿಲೆಗಳ ಮನೋಚೈತನ್ಯ ಕ್ಲಿನಿಕ್ಕೇ. ಅಲ್ಲಿಗೆ ಮಂಗಳವಾರ ಬರುತ್ತಿದ್ದ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಎಸಿಟಾಲೋಪ್ರಾಮ್ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಮೊದಮೊದಲು ಗಾಬರಿ ಜಾಸ್ತಿಯೇ ಆಗಬಹುದು, ಹೊಟ್ಟೆ ತೊಳಸಬಹುದು, ತಡೆದುಕೊಳ್ಳಿ. ಇದು ಚಟ ಹಿಡಿಸುವ ಮಾತ್ರೆ ಅಲ್ಲ, ಆದರೆ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಆಲ್‌ಪ್ರಜೊಲಾಮ್, ಕ್ಲೊನಾಜೆಪಾಮ್ ಬೇಗ ಸಮಾಧಾನ ಕೊಡುತ್ತವೆ, ಆದರೆ ದಿನಾ ತಗೊಂಡರೆ ಅಭ್ಯಾಸವಾಗಿಬಿಡುತ್ತವೆ. ಹಾಗಾಗಿ ಕೊಟ್ಟರೂ ಕೆಲವು ದಿನಕ್ಕೆ ಮಾತ್ರ. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಅವರಿಗೆ ನಾನು ಋಣಿ.

ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಒಂದು ದಿನ ನಡೆದದ್ದು ಕೇಳಿ. ಚೀಟಿ ನೋಡಿದವರು, ಇದು ಸ್ಟಾಕ್ ಇಲ್ಲ ಅಂದರು. ಯಾವಾಗ ಬರುತ್ತೆ ಅಂತ ಕೇಳಿದೆ. "ಟೆನ್ಶನ್ ಮಾತ್ರೆ ತಾನೇ? ಇದನ್ನ ತಗೊಳ್ಳಿ, ಇದು ಇನ್ನೂ ಸ್ಟ್ರಾಂಗು" ಅಂತ ಕಿಟಕಿಯಿಂದ ಒಂದು ಸ್ಟ್ರಿಪ್ ತಳ್ಳಿದರು. ನೋಡಿದರೆ ಆಲ್‌ಪ್ರಜೊಲಾಮ್! ಡಾಕ್ಟರು ಇದನ್ನು ಬರೆದಿಲ್ಲ ಅಂದೆ. "ಹಂಗಾದ್ರೆ ನೀವೇ ಡಾಕ್ಟರಾ?" ಅಂತ ಇಡೀ ಸಾಲಿಗೆ ಕೇಳುವಂತೆ ಕೂಗಿದರು. ನನ್ನ ಹಿಂದೆ ನಿಂತಿದ್ದವರಲ್ಲಿ ಇಬ್ಬರು ನನ್ನ ಗಿರಾಕಿಗಳು. ಖಾಸಗಿ ಮೆಡಿಕಲ್ ಶಾಪಿನವನು ಆಲ್‌ಪ್ರಜೊಲಾಮ್ ಮಾರಿದರೆ ಔಷಧಿ ನಿಯಮಗಳ ಶೆಡ್ಯೂಲ್ ಎಚ್1 ಪ್ರಕಾರ ರೋಗಿಯ ಹೆಸರು, ಡಾಕ್ಟರ ಹೆಸರು ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಸರ್ಕಾರಿ ಕೌಂಟರಿನಲ್ಲಿ ಅದು ಪ್ರಸಾದದ ಹಾಗೆ ಸಿಗುತ್ತಿದೆ.

ನಾನು ಆ ಸ್ಟ್ರಿಪ್ ವಾಪಸ್ ಕೊಟ್ಟೆ. ಅಂಗಡಿಯಲ್ಲಿ ವ್ಯಾಪಾರವಿರಲಿಲ್ಲ, ಹೊರಗೆ ಕೊಳ್ಳಲು ದುಡ್ಡು ಹೊಂದಿಸುವಷ್ಟರಲ್ಲಿ ಮಾತ್ರೆ ತಪ್ಪಿತು. ತಲೆ ತಿರುಗು, ನಿದ್ದೆ ಇಲ್ಲ, ತಲೆಯೊಳಗೆ ಕರೆಂಟು ಹೊಡೆದಂತೆ ಜುಂ ಜುಂ. ಒಮ್ಮೆಗೇ ನಿಲ್ಲಿಸಿದರೆ ಹೀಗಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಿಲ್ಲಿಸಿದ್ದು ನಾನಲ್ಲ ಸಾರ್, ಔಷಧಿ ತರಿಸುವ ನಿಮ್ಮ ಇಂಡೆಂಟು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮನಸ್‌ಗೆ ಫೋನ್ ಮಾಡಿದೆ. ಒಳ್ಳೆ ಮನಸ್ಸಿನಿಂದ ಮಾತಾಡಿದರು. ಆದರೆ ಫೋನಿನೊಳಗಿಂದ ಮಾತ್ರೆ ಉದುರುವುದಿಲ್ಲವಲ್ಲ.

ನಮ್ಮ ರಾಜ್ಯಕ್ಕೆ ಇದೇನು ಹೊಸ ಕೆಲಸವೂ ಅಲ್ಲ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ದೇಶಕ್ಕೇ ಮಾದರಿ ಕೊಟ್ಟವರು ನಾವು. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂದರೆ ನಮ್ಮೂರಲ್ಲೂ ಜಾಥಾ ಇರುತ್ತದೆ. ಅದರ ಕರಪತ್ರ ಜೆರಾಕ್ಸ್ ಮಾಡಿಕೊಡುವವನೂ ನಾನೇ. "ಚಿಕಿತ್ಸೆ ಪಡೆಯಿರಿ, ಅಂಜಬೇಡಿ" ಅಂತ ಅದರಲ್ಲಿರುತ್ತದೆ. ಅಂಜದೆ ಹೋದವನ ಗತಿ ಮೇಲೆ ಬರೆದಿದ್ದೇನೆ.

ಎಸಿಟಾಲೋಪ್ರಾಮ್ ಒಗ್ಗದವರಿಗೆ ಸರ್ಟ್ರಾಲಿನ್, ವೆನ್ಲಾಫಾಕ್ಸಿನ್ ಅಂತೆಲ್ಲ ಇವೆ. ಅವೂ ಇರಬೇಕು ನಿಜ, ಆದರೆ ಅಷ್ಟು ದೊಡ್ಡ ಆಸೆ ಸದ್ಯಕ್ಕೆ ಬೇಡ. ಮೊದಲು ಪಟ್ಟಿಯಲ್ಲಿ ಇರುವುದನ್ನು ಕೊಡಿ. ಅದು ಖಾಲಿಯಾದರೆ ಬೇರೆ ಯಾವುದೋ ಮಾತ್ರೆ ಕೈಗೆ ತುರುಕಬಾರದು ಅಂತ ಲಿಖಿತ ಆದೇಶ ಕೊಡಿ. ಸ್ಟಾಕ್ ಎಷ್ಟಿದೆ ಅಂತ ಆಸ್ಪತ್ರೆಯ ಬೋರ್ಡಿನಲ್ಲಿ ಬರೆಸಿ. ತಿಂಗಳು ತಪ್ಪದೆ ಮಾತ್ರೆ ಕೊಡಿ, ಅಷ್ಟೇ.

ಮಗಳಿಗೆ ಗಂಡು ನೋಡುತ್ತಿದ್ದೇವೆ, ಹಾಗಾಗಿ ಇಲ್ಲಿ ಹೆಸರು ಹಾಕಿಲ್ಲ. ನಿಮ್ಮ ಕಚೇರಿಗೆ ಕಳಿಸಿರುವ ಪ್ರತಿಯಲ್ಲಿ ಹೆಸರು, ವಿಳಾಸ, ಡಾಕ್ಟರ ಚೀಟಿಯ ಜೆರಾಕ್ಸ್ ಎಲ್ಲವೂ ಇದೆ. ಉತ್ತರ ಅಲ್ಲಿಗೇ ಕಳಿಸಿ.

ಇಂತಿ,
ಮಂಗಳವಾರದ ಸಾಲಿನ ಒಬ್ಬ ರೋಗಿ