ಕೋಳಿಗೆ ಖಾಲಿ ಪ್ರಾಸವೇ? ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕಳಿಸಿದ ನಿಮ್ಮ ಕ್ಲಾಸಿನ ಲಿಮರಿಕ್ ಹಾಳೆಗಳು, ಅದೇ ಐದು ಸಾಲಿನ ತಮಾಷೆ ಪದ್ಯಗಳು, ಸೋಮವಾರವೇ ಬಂದವು. ಮೊದಲು ನಿನ್ನದನ್ನೇ ಓದಿದೆ. ಜೋರಾಗಿ, ಅಜ್ಜಿಯ ಎದುರಿಗೆ.

ಸಾಗರದ ಪ್ಯಾಟೇಲಿ ನಮ್ಮಪ್ಪ
ತಿಂತಾನೆ ದೋಸೆಗೆ ಬರಿ ತುಪ್ಪ
ಹೊಟ್ಟೆ ಹೋಯ್ತು ಮುಂದೆ
ಸ್ಕೂಟ್ರು ಉಳೀತು ಹಿಂದೆ
ಹ್ಯಾಂಡಲ್ಲೆ ಎಟುಕಲ್ಲ, ಅಯ್ಯಪ್ಪ!

‘ಹೆತ್ತ ಅಪ್ಪನ ಬಗ್ಗೆ ಹೀಗಾ ಬರೆಯೋದು’ ಅಂದರು ಅಜ್ಜಿ. ಆಮೇಲೆ ಒಳಗೆ ಹೋಗಿ ಒಬ್ಬರೇ ನಕ್ಕಿದ್ದು ನನಗೆ ಕೇಳಿಸಿತು. ಅವತ್ತಿನಿಂದ ನನ್ನ ದೋಸೆಗೆ ಅರ್ಧ ಚಮಚ ತುಪ್ಪ ಅಷ್ಟೇ.

ನಿನ್ನ ಗೆಳತಿಯ ಕೋಳಿಯದು ಇನ್ನೂ ಚೆನ್ನಾಗಿದೆ. ಬೇಜಾರು ಮಾಡ್ಕೋಬೇಡ.

ಶಿರಸೀಯ ಬಸ್ಸಿಗೆ ಕೋಳಿ
ಹತ್ತಿತು, ‘ಟಿಕೆಟೆಷ್ಟು? ಹೇಳಿ!’
ಕಂಡಕ್ಟ್ರು ಅಂದ, ‘ಕೊಕ್ಕೊ’
ಡ್ರೈವರ್ರೂ ಅಂದ, ‘ಕೊಕ್ಕೊ’
ಬಸ್ಸೆಲ್ಲ ಆಯಿತು ಖಾಲಿ!

ಇದರ ಪಕ್ಕ ಟೀಚರ್ ಕೆಂಪು ಪೆನ್ನಲ್ಲಿ ಎರಡು ಗುರುತು ಹಾಕಿದ್ದಾರೆ ಅಂದೆಯಲ್ಲ. ಒಂದು, ‘ಳಿ–ಲಿ ಪ್ರಾಸವಲ್ಲ’. ಇನ್ನೊಂದು, ‘ಅರ್ಥವೇನು?’ ಮೊದಲನೆಯದು ಸರಿ, ಒಪ್ಪಿಕೊಳ್ಳಿ. ಕೋಳಿ, ಹೇಳಿ ಕೇಳಿದ ಕಿವಿಗೆ ಖಾಲಿ ಬಂದಾಗ ಸಣ್ಣದಾಗಿ ಎಡವಿದ ಹಾಗಾಗುತ್ತದೆ. ಎರಡನೆಯದಕ್ಕೆ ಮಾತ್ರ ನನ್ನ ತಕರಾರಿದೆ. ಚಿಕ್ಕವಳಿದ್ದಾಗ ಜಗಲಿಯಲ್ಲಿ ಕೂತು ‘ಅವಲಕ್ಕಿ ಪವಲಕ್ಕಿ’ ಆಡುತ್ತಿದ್ದೆಯಲ್ಲ, ಪವಲಕ್ಕಿ ಅಂದರೇನು ಅಂತ ಯಾರಾದರೂ ಕೇಳಿದ್ದರಾ? ಆದರೆ ತಾಳ ತಪ್ಪಿದರೆ ಎಲ್ಲರೂ ಸೇರಿ ಕೂಗುತ್ತಿದ್ದಿರಿ. ಲಿಮರಿಕ್ಕೂ ಅದೇ ಜಾತಿ. ಒಂದು, ಎರಡು, ಐದನೇ ಸಾಲಿಗೆ ಒಂದು ಪ್ರಾಸ. ನಡುವಿನ ಎರಡು ಗಿಡ್ಡ ಸಾಲಿಗೆ ಬೇರೆ ಪ್ರಾಸ. ಅಷ್ಟು ಕಟ್ಟಿಗೆ ನಿಂತರೆ ಒಳಗೆ ಕೋಳಿ ಏನು ಬೇಕಾದರೂ ಮಾಡಲಿ.

ಎಡ್ವರ್ಡ್ ಲಿಯರ್ ಅಂತ ಇಂಗ್ಲೆಂಡಿನವನೊಬ್ಬ 1846ರಲ್ಲಿ ಇಂಥವನ್ನೇ ಸೇರಿಸಿ ಪುಸ್ತಕ ಮಾಡಿದ. ಕಸುಬಿನಲ್ಲಿ ಚಿತ್ರಕಾರ. ಡರ್ಬಿಯ ಅರ್ಲ್ ಅನ್ನುವ ಶ್ರೀಮಂತನ ಮನೆಯಲ್ಲಿ ಸಾಕಿದ್ದ ಹಕ್ಕಿ, ಪ್ರಾಣಿಗಳ ಚಿತ್ರ ಬರೆಯಲು ಹೋದವನು ಆ ಮನೆಯ ಮಕ್ಕಳನ್ನು ನಗಿಸಲು ಪದ್ಯ ಕಟ್ಟಿದ. ಪುಸ್ತಕಕ್ಕೆ ತನ್ನ ಹೆಸರು ಹಾಕಲಿಲ್ಲ, ‘ಡೆರ್ರಿ ಡೌನ್ ಡೆರ್ರಿ’ ಅಂತ ಹಾಕಿದ! ಅವನ ಒಂದು ಪದ್ಯದ ಮುದುಕನ ಗಡ್ಡದಲ್ಲಿ ಗೂಬೆಗಳ ಜೊತೆ ಒಂದು ಕೋಳಿಯೂ ಗೂಡು ಕಟ್ಟಿದೆ. ನಿನ್ನ ಗೆಳತಿಗೆ ಹೇಳು. ಲಿಮರಿಕ್ ಅನ್ನೋದು ಐರ್ಲೆಂಡಿನ ಒಂದು ಊರಿನ ಹೆಸರು. ಈ ಪದ್ಯಗಳಿಗೆ ಆ ಹೆಸರು ಅಂಟಿದ್ದು ಆಮೇಲೆ, ಲಿಯರ್ ಹಾಗೆ ಕರೆದವನಲ್ಲ. ಐದನೇ ಸಾಲಿನ ಕೊನೆಗೆ ಅವನು ಹೆಚ್ಚಾಗಿ ಮೊದಲ ಸಾಲಿನ ಪದವನ್ನೇ ತಂದು ಕೂರಿಸುತ್ತಿದ್ದ. ನನಗೆ ಅದು ಸೋಮಾರಿತನ ಅನ್ನಿಸುತ್ತದೆ. ನಿಮ್ಮ ‘ಅಯ್ಯಪ್ಪ’ ವಾಸಿ.

ಇನ್ನೊಂದು ಗಮನಿಸಿದೆ. ಇಂಗ್ಲಿಷಿನಲ್ಲಿ ಮೊದಲ ಸಾಲು ಹೆಚ್ಚಾಗಿ ಊರಿನ ಹೆಸರಲ್ಲಿ ಮುಗಿಯುತ್ತದೆ, ಊರಿಗೇ ಪ್ರಾಸ ಹುಡುಕಬೇಕು. ನಮ್ಮಲ್ಲಿ ಊರು ಮುಂದೆ ಬರುತ್ತೆ, ‘ಶಿರಸೀಲೊಬ್ಬ’, ‘ಸೊರಬದಲ್ಲೊಬ್ಬಳು’ ಅಂತ. ಹಾಗಾಗಿ ಪ್ರಾಸದ ಹೊರೆ ಅಪ್ಪನ ಮೇಲೋ ಕೋಳಿಯ ಮೇಲೋ ಬೀಳುತ್ತೆ. ಜೊತೆಗೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕೂರುವುದರಿಂದ ‘ಬಂದ, ತಿಂದ, ಅಂದ’ ಪುಕ್ಕಟೆ ಸಿಗುತ್ತವೆ. ನಿಮ್ಮ ಕ್ಲಾಸಿನ ಹಾಳೆಗಳಲ್ಲಿ ಒಂಬತ್ತು ಸಲ ‘ಬಂದ’ ಎಣಿಸಿದೆ. ಬಂದವನು ಒಂಬತ್ತು ಸಲವೂ ತಿಂದ. ಅದನ್ನು ಬಿಟ್ಟು ತುಪ್ಪ ಹುಡುಕಿದ್ದಕ್ಕೆ ನಿನಗೆ ಶಹಬ್ಬಾಸ್.

ನಾನೂ ಒಂದು ಕಟ್ಟಲು ಕೂತೆ.

ಹಾಸ್ಟೆಲ್ಲಿನೊಳಗೊಬ್ಳು ಪುಟ್ಟಿ
ಬಚ್ಚಿಟ್ಲು ಉಂಡೆಯ ಬುಟ್ಟಿ
ಇರುವೆ ಸಾಲು ಬಂತು
ಮಂಚ ಹತ್ತಿ ನಿಂತು

ಇಲ್ಲಿಗೆ ನಿಂತಿದೆ. ರೊಟ್ಟಿ, ಚಟ್ಟಿ, ಹಟ್ಟಿ ಎಲ್ಲ ತಂದು ನೋಡಿದೆ, ಒಂದೂ ಕೂರುತ್ತಿಲ್ಲ. ‘ಬೆನ್ನಿಗೆ ಕೊಡಿರೊಂದು ಗಟ್ಟಿ’ ಅಂತ ಅಜ್ಜಿ ಅಡುಗೆಮನೆಯಿಂದಲೇ ಹೇಳಿದರು. ತಾಳವೇನೋ ಸರಿ ಇದೆ, ಆದರೂ ನಾನು ಬರೆದುಕೊಳ್ಳಲಿಲ್ಲ. ಶನಿವಾರ ಫೋನ್ ಮಾಡಿದಾಗ ನೀನೇ ಐದನೇ ಸಾಲು ಹೇಳು.

ಈ ಸಲದ ಉಂಡೆ ಸ್ಟೀಲ್ ಡಬ್ಬದಲ್ಲಿ ಕಳಿಸಿದ್ದೇವೆ. ಮುಚ್ಚಳ ಬಿಗಿಯಾಗಿ ಹಾಕಿಡು.

ನಿನ್ನ
ಅಪ್ಪ